ಮೂರು ನಿಮಿಷದ ಪ್ಲೇಟು, ಕುಂದಗೋಳದ ರೈಲು

ಗದಗಿನ ಅಂಗಡಿಯೊಂದರಲ್ಲಿ ಹಚ್ಚಿದ್ದ ಗ್ರಾಮೋಫೋನ್ ಪ್ಲೇಟಿನಲ್ಲಿ ಅಬ್ದುಲ್ ಕರೀಂ ಖಾನರ ದನಿ ಕೇಳಿ ಮರುಳಾದ ಹುಡುಗ ಭೀಮಸೇನ ಜೋಶಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ಉತ್ತರವನ್ನೆಲ್ಲ ಸುತ್ತಿ ಬಂದವನಿಗೆ ಗುರು ಸಿಕ್ಕಿದ್ದು ನಮ್ಮ ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಅದೇ ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರು.

ಅದಕ್ಕೂ ಒಂದೂವರೆ ದಶಕ ಮೊದಲು ಅಮೆರಿಕದ ಡ್ಯಾವೆನ್‌ಪೋರ್ಟಿನಲ್ಲಿ ಬಿಕ್ಸ್ ಬೈಡರ್‌ಬೆಕ್ ಎಂಬ ಹುಡುಗ ಜಾಜ್‌ನ ಮೊದಮೊದಲ ಪ್ಲೇಟುಗಳನ್ನು ಕೇಳಿಕೇಳಿಯೇ ಕಾರ್ನೆಟ್ ಊದಲು ಕಲಿತಿದ್ದ. ಗ್ರಾಮೋಫೋನ್ ಕಾಲದ ಗಾಯಕರಿಗೆ ಮೀಸಲಾದ ಈ ಸಂಚಿಕೆಯನ್ನು ಹಳೇ ಹುಬ್ಬಳ್ಳಿಯಲ್ಲಿ ಕೂತು ಸಿದ್ಧಪಡಿಸುವಾಗ ಈ ಇಬ್ಬರು ಹುಡುಗರು ಮತ್ತೆ ಮತ್ತೆ ನೆನಪಾದರು. ನ್ಯೂ ಆರ್ಲಿಯನ್ಸಿನ ಜಾಜ್ ವಾದಕರಿಗೂ ನಮ್ಮ ಗಾಯಕರಿಗೂ ಪ್ಲೇಟು ಕಂಪನಿಗಳು ಕೊಟ್ಟ ಜಾಗ ಒಂದೇ ಅಳತೆಯದು: 78 ಸುತ್ತಿನ ಪ್ಲೇಟಿನ ಒಂದು ಬದಿ, ಮೂರು ನಿಮಿಷ ಚಿಲ್ಲರೆ. 1923ರಲ್ಲಿ ಕಿಂಗ್ ಆಲಿವರ್ ಅವರ ಜಾಜ್ ಮೇಳ ಧ್ವನಿಮುದ್ರಣಕ್ಕೆ ನಿಂತಾಗ ಮೈಕ್ ಇರಲಿಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖ ಮಾಡಿ ನುಡಿಸಬೇಕು. ಶಿಷ್ಯ ಲೂಯಿ ಆರ್ಮ್‌ಸ್ಟ್ರಾಂಗರ ಕಾರ್ನೆಟ್ ಗುರುವಿನದನ್ನೇ ಮುಚ್ಚಿಹಾಕುತ್ತಿತ್ತೆಂದು ಅವರನ್ನು ದೂರ ಸರಿಸಿ ನಿಲ್ಲಿಸಿದರು. ಆ ಶಿಷ್ಯ ಕೊನೆಯವರೆಗೂ ಆಲಿವರರನ್ನು ‘ಪಾಪಾ ಜೋ’ ಎಂದೇ ಕರೆದರು.

ಪ್ಲೇಟು ಕೈಬೀಸಿ ಕರೆಯುತ್ತದೆ. ಆದರೆ ತಿದ್ದಿ ತೀಡಲು ಎದುರಿಗೊಬ್ಬರು ಕೂಡಬೇಕು. ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದುದು ಅದಕ್ಕೇ. ಸವಾಯಿ ಗಂಧರ್ವರು ಒಂದು ಸ್ವರಗುಚ್ಛ ಕೊಟ್ಟರೆ ಅದು ಹದಕ್ಕೆ ಬರುವ ತನಕ ಮುಂದಿನದು ಇಲ್ಲ. ಆ ಹೊತ್ತಿಗಾಗಲೇ ಗಂಗೂಬಾಯಿಯವರ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದಿದ್ದವು. ಹೆಸರು ಮಾಡಿದ ಮೇಲೂ ಹೀಗೆ ಒಂದೊಂದೇ ಸ್ವರಕ್ಕಾಗಿ ರೈಲು ಹತ್ತುವುದಿದೆಯಲ್ಲ, ನನ್ನ ಮಟ್ಟಿಗೆ ಖಾನಸಾಹೇಬರಿಂದ ಇವರವರೆಗೆ ಹರಿದುಬಂದ ಕಿರಾಣಾ ಘರಾಣೆಯ ನಿಜವಾದ ಆಸ್ತಿ ಅದು.

ಇನ್ನೊಂದು ಮಾತನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಜಾಜ್ ಹುಟ್ಟಿದ್ದು ಕರಿಯರ ನಡುವೆ. 1917ರಲ್ಲಿ ಅದರ ಮೊದಲ ಪ್ಲೇಟು ಹೊರಬಂದದ್ದು ಬಿಳಿಯರ ಮೇಳದ ಹೆಸರಿನಲ್ಲಿ. ಇತ್ತ, ಹಾಡುವ ಹೆಣ್ಣುಮಕ್ಕಳ ಮನೆತನದಲ್ಲಿ ಹುಟ್ಟಿದ ಗಂಗೂಬಾಯಿಯವರಿಗೆ ಧಾರವಾಡದ ಓಣಿಯಲ್ಲಿ ನಡೆದುಹೋಗುವಾಗ ಮೂದಲಿಕೆ ತಪ್ಪಿದ್ದಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಆ ಎಳೆಯ ಹುಡುಗಿಗೆ, ಊಟದ ಹೊತ್ತಿಗೆ ತನ್ನನ್ನು ಹೇಗೆ ಕಂಡಾರೋ ಎಂಬ ಅಳುಕು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಲೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಪರಂಪರೆಯ ಲೆಕ್ಕ ಬರೆಯುವಾಗ ಉಸ್ತಾದರ ಸಾಲಿನಲ್ಲೇ ಅಂಬಾಬಾಯಿಯವರ ಹೆಸರೂ ಇರಬೇಕು. ಇಲ್ಲದಿದ್ದರೆ ಆ ಲೆಕ್ಕ ತಪ್ಪು.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಎರಡೂ ಬದಿಯ ಲೇಬಲ್ಲಿನ ಫೋಟೋ ತೆಗೆದು ನಮಗೆ ಕಳಿಸಿ. ಮನೆಯಲ್ಲಿ ಅದನ್ನು ಯಾರು ತಂದರು, ಯಾರು ಕೇಳುತ್ತಿದ್ದರು ಎಂಬುದನ್ನೂ ನಾಲ್ಕು ಸಾಲು ಬರೆಯಿರಿ. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಅವು ಅರಗಿನ ಪ್ಲೇಟುಗಳು, ಅದರಲ್ಲಿ ಕರಗಿಬಿಡುತ್ತವೆ.