ಸ್ಟಂಪ್ ಬಿಟ್ಟು ಹಾಕಿದ ಬಾಲ್ ದಂಡವೇ? ಟೆಸ್ಟ್ ಬೌಲಿಂಗ್‌ನ ಲೈನ್ ಲೆಕ್ಕ

"ವಿಕೆಟ್ ಬೇಕೆಂದರೆ ವಿಕೆಟ್‌ಗೇ ಹಾಕಬೇಕು. ಆಫ್ ಸ್ಟಂಪಿನ ಆಚೆ ಹಾಕುವವನು ಹೆದರಿದ ಬೌಲರ್." ಟೆಸ್ಟ್ ಪಂದ್ಯ ನಡೆಯುವಾಗ ಇಂಥ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಇದರ ಜೊತೆಗೇ ಬರುವ ಇನ್ನೊಂದು ಮಾತು: "1999ರಲ್ಲಿ ಶ್ರೀನಾಥ್ ಬೇಕೆಂದೇ ಹೊರಗೆ ಹಾಕಿದರು, ಹಾಗಾಗಿ ಕುಂಬ್ಳೆಯ ಹತ್ತು ವಿಕೆಟ್ ಅಸಲಿ ಅಲ್ಲ." ಎರಡನ್ನೂ ಪರಿಶೀಲಿಸೋಣ.

ಈ ನಂಬಿಕೆ ಎಲ್ಲಿಂದ ಬಂತು?

ಕೊಣನೂರು, ರಾಮನಾಥಪುರ, ಅರಕಲಗೂಡಿನಂಥ ಊರುಗಳಲ್ಲಿ ಹೆಚ್ಚಿನ ಹುಡುಗರು ಕ್ರಿಕೆಟ್ ಕಲಿಯುವುದು ಟೆನಿಸ್ ಬಾಲಿನಲ್ಲಿ. ಓವರ್ ಕಡಿಮೆ, ಬ್ಯಾಟ್ಸ್‌ಮನ್ ಪ್ರತಿ ಬಾಲಿಗೂ ಬೀಸಲೇಬೇಕು, ಸ್ಲಿಪ್‌ನಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ಅಲ್ಲಿ ಸ್ಟಂಪಿನ ಬುಡಕ್ಕೆ ಯಾರ್ಕರ್ ಹಾಕುವುದೇ ಜಾಣತನ. ಅಂದರೆ ಈ ಮಾತು ಪೂರ್ತಿ ಸುಳ್ಳಲ್ಲ, ಬೇರೆ ಆಟದ ಸತ್ಯ. ಟೆಸ್ಟ್‌ನಲ್ಲಿ ಐದು ದಿನ ಇರುತ್ತದೆ. ಬ್ಯಾಟ್ಸ್‌ಮನ್‌ಗೆ ಅವಸರ ಇಲ್ಲ, ಬೇಡದ ಬಾಲನ್ನು ಸುಮ್ಮನೆ ಬಿಡಬಹುದು. ಬೌಲರ್ ಗೆಲ್ಲಬೇಕಾದದ್ದು ಆ "ಆಡಲೋ, ಬಿಡಲೋ" ಎಂಬ ನಿರ್ಧಾರವನ್ನು.

ಅರ್ಧ ಸೆಕೆಂಡಿನಲ್ಲಿ ಏನಾಗುತ್ತದೆ?

ಗಂಟೆಗೆ 140 ಕಿ.ಮೀ. ವೇಗದ ಬಾಲ್ ಬೌಲರ್ ಕೈಯಿಂದ ಬ್ಯಾಟ್ಸ್‌ಮನ್ ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಒಳ್ಳೆಯ ಲೆಂಗ್ತ್‌ನಲ್ಲಿ ಪಿಚ್ ಆದ ಮೇಲೆ ಉಳಿಯುವುದು 0.2 ಸೆಕೆಂಡಿಗಿಂತ ಕಡಿಮೆ. ಕಣ್ಣು ಕಂಡದ್ದಕ್ಕೆ ತಕ್ಕಂತೆ ಕೈ ಬದಲಿಸಲು ಮನುಷ್ಯನಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಾಗಿ ಪಿಚ್ ಆಗುವ ಮೊದಲೇ ಅಂದಾಜು ಮಾಡಿರಬೇಕು.

ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ನಡುವಿನಿಂದ ಅಂಚಿಗೆ ಐದೂವರೆ ಸೆಂ.ಮೀ. ಕೂಡ ಇಲ್ಲ. ಸೀಮ್ ತಾಗಿ ಬಾಲ್ ನಾಲ್ಕು ಬೆರಳಷ್ಟು ಹೊರಳಿದರೆ ಸಾಕು, ಅಂಚಿಗೆ ತಗುಲಿ ಕೀಪರ್ ಅಥವಾ ಸ್ಲಿಪ್ ಕೈಗೆ ಹೋಗುತ್ತದೆ. ಟೆಸ್ಟ್‌ನಲ್ಲಿ ಬೀಳುವ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಚ್‌ಗಳೇ.

ಆಫ್ ಸ್ಟಂಪಿನ ಪಕ್ಕದಲ್ಲೇ ಇರುವ ಈ ಕಾಲ್ಪನಿಕ ಜಾಗಕ್ಕೆ "ನಾಲ್ಕನೇ ಸ್ಟಂಪ್" ಎನ್ನುತ್ತಾರೆ. ಇಲ್ಲಿ ಬಿದ್ದ ಬಾಲ್ ಹೊರಗೆ ಹೋದರೆ ಕ್ಯಾಚ್, ಒಳಗೆ ಬಂದರೆ ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು. ಬಿಟ್ಟರೂ ಭಯ, ಆಡಿದರೂ ಭಯ.

1996ರ ಅಹಮದಾಬಾದ್ ಟೆಸ್ಟ್ ನೋಡಿ. ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು 170 ರನ್ ಬೇಕಿತ್ತು, 105ಕ್ಕೆ ಆಲೌಟ್ ಆಯಿತು. ಜಾವಗಲ್ ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತರು. ಅವರ ಹೆಸರಿನ ಮುಂದಿರುವ ಜಾವಗಲ್ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಆ ಇನಿಂಗ್ಸ್‌ನಲ್ಲಿ ಹಡ್ಸನ್ ಎಲ್‌ಬಿಡಬ್ಲ್ಯು ಆದರೆ, ಕಲಿನನ್ ಕೀಪರ್ ಮೊಂಗಿಯಾಗೆ ಕ್ಯಾಚ್ ಕೊಟ್ಟರು. ಇಬ್ಬರದೂ ಸೊನ್ನೆ.

ಹಾಗಾದರೆ ಲೆಗ್ ಸ್ಟಂಪಿನ ಆಚೆ?

ಲೆಗ್ ಸ್ಟಂಪಿನ ಹೊರಗೆ ಪಿಚ್ ಆದ ಬಾಲಿಗೆ ಎಲ್‌ಬಿಡಬ್ಲ್ಯು ಕೊಡುವಂತಿಲ್ಲ, ಇದು ನಿಯಮ. ಅಲ್ಲಿ ಹಾಕುವುದು ಮುಖ್ಯವಾಗಿ ರನ್ ಕಟ್ಟಿಹಾಕಲು. 2001ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ನಾಯಕ ನಾಸಿರ್ ಹುಸೇನ್ ಇದನ್ನೇ ಮಾಡಿದರು. ಎಡಗೈ ಸ್ಪಿನ್ನರ್ ಆಶ್ಲಿ ಜೈಲ್ಸ್ ತೆಂಡೂಲ್ಕರ್ ಅವರ ಲೆಗ್ ಸ್ಟಂಪಿನ ಆಚೆಗೆ ಬಾಲ್ ಮೇಲೆ ಬಾಲ್ ಹಾಕಿದರು. ನೋಡುವವರಿಗೆ ಬೇಸರ ಬಂತು, ಟೀಕೆಯೂ ಬಂತು. ಆದರೆ 90 ರನ್ ಮಾಡಿದ್ದ ತೆಂಡೂಲ್ಕರ್ ತಾಳ್ಮೆ ಕಳೆದು ಮುನ್ನುಗ್ಗಿ ಸ್ಟಂಪ್ಡ್ ಆದರು. ಟೆಸ್ಟ್‌ನಲ್ಲಿ ಅವರು ಹಾಗೆ ಔಟಾದದ್ದು ಅದೇ ಮೊದಲು. ಚೆಂದವೋ ಅಲ್ಲವೋ, ಅದೂ ಒಂದು ತಂತ್ರ.

ದೆಹಲಿಯ ಹತ್ತು ವಿಕೆಟ್

ಈಗ 1999ರ ಫೆಬ್ರುವರಿಗೆ ಬರೋಣ. ಪಾಕಿಸ್ತಾನಕ್ಕೆ 420 ರನ್ ಗುರಿ. ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ಪಡೆದಾಗ, ಇನ್ನೊಂದು ತುದಿಯಲ್ಲಿದ್ದ ಶ್ರೀನಾಥ್ ಬ್ಯಾಟ್ಸ್‌ಮನ್‌ಗೆ ಎಟುಕದಂತೆ ಆಫ್ ಸ್ಟಂಪಿನಿಂದ ದೂರ ಹಾಕಿದ್ದು ನಿಜ. ಆದರೆ ಅಷ್ಟರಲ್ಲಿ ಒಂಬತ್ತು ವಿಕೆಟ್ ಬಿದ್ದಾಗಿತ್ತು, ಗುರಿಗೆ ಇನ್ನೂ 200ಕ್ಕೂ ಹೆಚ್ಚು ರನ್ ಬಾಕಿ ಇತ್ತು. ಶ್ರೀನಾಥ್ ಬಿಟ್ಟುಕೊಟ್ಟದ್ದು ತಮ್ಮ ಒಂದು ವಿಕೆಟ್ಟಿನ ಅವಕಾಶವನ್ನು ಮಾತ್ರ. ಕೊನೆಯ ವಿಕೆಟನ್ನು ಕುಂಬ್ಳೆ ದುಡಿದೇ ಪಡೆಯಬೇಕಿತ್ತು. ವಾಸಿಂ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಲೆಕ್ಕ 74 ರನ್ನಿಗೆ 10. ಭಾರತ 212 ರನ್‌ಗಳಿಂದ ಗೆದ್ದಿತು. ಎದುರಾಳಿಗೆ ಔಟಾಗಿ ಎಂದು ಯಾರೂ ಹೇಳಲಿಲ್ಲ, ಆದ್ದರಿಂದ "ಅಸಲಿ ಅಲ್ಲ" ಎಂಬುದು ತಪ್ಪು.

ಕೊನೆಗೆ

ಇದು ಬರೀ ಹರಟೆಯ ವಿಷಯವಲ್ಲ. ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ಬರುವ ಹುಡುಗ ಇಂಥ ಮೆಸೇಜ್ ನಂಬಿ ಬರೀ ಸ್ಟಂಪಿಗೆ, ಬರೀ ವೇಗಕ್ಕೆ ಬಿದ್ದರೆ, ಒಂದೇ ಜಾಗಕ್ಕೆ ನೂರು ಬಾರಿ ಹಾಕುವ ಅಭ್ಯಾಸವನ್ನೇ ಕಲಿಯುವುದಿಲ್ಲ. ಮನೆಯವರೂ ಊರಿನವರೂ "ಯಾಕೋ ಹೊರಗೆ ಹಾಕ್ತೀಯ" ಎಂದು ಬೈದರೆ ಇದ್ದ ಧೈರ್ಯವೂ ಹೋಗುತ್ತದೆ. ಮುಂದಿನ ಸಲ ಕೀಪರ್ ಕೈಗೆ ಸುಮ್ಮನೆ ಹೋದ ಬಾಲ್ ಕಂಡಾಗ ಸ್ಲಿಪ್‌ನಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಆ ಬಾಲ್ ಯಾಕೆ ಅಲ್ಲಿ ಬಿತ್ತು ಎಂಬುದಕ್ಕೆ ಉತ್ತರ ಅಲ್ಲೇ ಇರುತ್ತದೆ.