ಗ್ರೀನ್‌ಸ್ಟೆಡ್ಡಿನ ಮರದ ಗೋಡೆ

ಇಂಗ್ಲೆಂಡಿನ ಹಳ್ಳಿಯ ಚರ್ಚೆಂದರೆ ಕಲ್ಲಿನ ಗೋಡೆ, ಮುಗಿಲಿಗೆ ಚಾಚಿದ ಶಿಖರ, ಸುತ್ತ ಪಾಚಿಗಟ್ಟಿದ ಗೋರಿಗಳು: ಆಂಗ್ಲ ಕಾವ್ಯವನ್ನೋದಿದ ನಮಗೆ ಕಣ್ಣಿಗೆ ಕಟ್ಟುವ ಚಿತ್ರವಿದು. ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್ ಈ ಚಿತ್ರಕ್ಕೆ ಹೊಂದುವುದಿಲ್ಲ. ಆಂಗರ್ ಎಂಬ ಸಣ್ಣ ಪೇಟೆಯಿಂದ ಹೊಲಗಳ ನಡುವೆ ಒಂದು ಮೈಲಿಯಷ್ಟು ನಡೆದರೆ ಕಾಣುವುದು ಬಿಳಿಯ ಹಲಗೆಯ ಪುಟ್ಟ ಗೋಪುರ. ಅದರ ಮಗ್ಗುಲಲ್ಲಿ ಕಪ್ಪಗೆ ನಿಂತ ಮರದ ದಿಮ್ಮಿಗಳ ಸಾಲು. ಆ ಸಾಲೇ ಗೋಡೆ!

ಓಕ್ ಮರದ ಕಾಂಡಗಳನ್ನು ಉದ್ದಕ್ಕೆ ಸೀಳಿ, ಉಬ್ಬಿದ ಮೈ ಹೊರಗೂ ಚಪ್ಪಟೆ ಮೈ ಒಳಗೂ ಬರುವಂತೆ ಒತ್ತಾಗಿ ನಿಲ್ಲಿಸಿದ್ದಾರೆ. ಸಂದುಗಳಲ್ಲಿ ಗಾಳಿ ನುಸುಳದಂತೆ ಮರದ ಪಟ್ಟಿಗಳನ್ನು ಕೂರಿಸಿದ್ದಾರೆ. ಒಳಮೈಯಲ್ಲಿ ಬಾಚಿಯ ಗುರುತು ಇನ್ನೂ ಮಾಸಿಲ್ಲ. ಪೂರ್ವಕ್ಕಿರುವ ಇಟ್ಟಿಗೆಯ ಗರ್ಭಗೃಹವು ಸುಮಾರು 1500ರದು. ಅದನ್ನು ಬೇಗ ದಾಟಿ ಮತ್ತೆ ಈ ಗೋಡೆಯ ಬಳಿಗೇ ಬಂದೆ.

ನಮ್ಮ ಗುಡಿಗಳ ಕಾಲವನ್ನರಿಯಲು ಶಾಸನಗಳುಂಟು. ಇಲ್ಲಿ ಮರದ ಉಂಗುರಗಳನ್ನೇ ಎಣಿಸಬೇಕಾಯಿತು. 1960ರ ಎಣಿಕೆಯಲ್ಲಿ ಕ್ರಿ.ಶ. 845 ಎಂದು ಬಂದಿತು, ಅಭಿಮಾನಿಗಳು ಹಿಗ್ಗಿದರು. 1990ರ ದಶಕದ ಮರುಪರೀಕ್ಷೆಯಲ್ಲಿ ಮರ ಕಡಿದದ್ದು 1063ಕ್ಕೂ 1108ಕ್ಕೂ ನಡುವೆ ಎಂದು ತಿಳಿದುಬಂದಿತು. ಎರಡು ಶತಮಾನಗಳು ಕೈತಪ್ಪಿದವು! ಆದರೂ ಜಗತ್ತಿನಲ್ಲಿ ನಿಂತಿರುವ ಮರದ ಚರ್ಚುಗಳಲ್ಲಿ ಇದೇ ಅತ್ಯಂತ ಹಳೆಯದೆಂಬ ಹೆಸರು ಉಳಿದಿದೆ. ನಾರ್ಮನರು ಇಂಗ್ಲೆಂಡನ್ನು ಗೆದ್ದ 1066 ಈ ಅವಧಿಯೊಳಗೇ ಬೀಳುತ್ತದೆಯಲ್ಲವೆ? ಆದ್ದರಿಂದ ಕಟ್ಟಿದ್ದು ಯಾವ ದೊರೆಯ ಆಳಿಕೆಯಲ್ಲಿ ಎಂದು ಹೇಳಲಾಗದು. ನನಗಂತೂ ಈ ಹೊಸ ಲೆಕ್ಕವೇ ಹೆಚ್ಚು ರುಚಿಸಿತು. ಗೆದ್ದವರು ಕಲ್ಲಿನ ಚರ್ಚುಗಳನ್ನೆಬ್ಬಿಸುತ್ತಿದ್ದಾಗಲೂ ಇಲ್ಲಿಯ ಬಡಗಿ ಹಿರಿಯರ ಸ್ಯಾಕ್ಸನ್ ಪದ್ಧತಿಯನ್ನು ಬಿಡದೆ ಕಟ್ಟಿದನೋ ಏನೋ!

1848ರ ಜೀರ್ಣೋದ್ಧಾರದ ವೇಳೆಗೆ ದಿಮ್ಮಿಗಳ ಬುಡ ತೇವಕ್ಕೆ ಕೊಳೆತಿತ್ತು. ಕೊಳೆತಷ್ಟನ್ನೇ ಕತ್ತರಿಸಿ ಇಟ್ಟಿಗೆಯ ಕಟ್ಟೆಯ ಮೇಲೆ ನಿಲ್ಲಿಸಿದರು. ಹೊಸ ಗೋಡೆಯನ್ನೆಬ್ಬಿಸಿ ಹಳೆಯದನ್ನು ಸೌದೆಗೆ ಹಾಕದಿದ್ದುದು ನಮ್ಮ ಪುಣ್ಯ.

ಇದಕ್ಕೆ ಒಂಬತ್ತು ವರ್ಷ ಮೊದಲು, 1839ರಲ್ಲಿ, ಇಲ್ಲೊಂದು ಮದುವೆ ನಡೆಯಿತು. ವರ ಜೇಮ್ಸ್ ಬ್ರೈನ್. ಕೂಲಿಗಾರರ ಸಂಘ ಕಟ್ಟಿ ಪ್ರಮಾಣ ಮಾಡಿಸಿದರೆಂದು 1834ರಲ್ಲಿ ಆಸ್ಟ್ರೇಲಿಯಕ್ಕೆ ಗಡೀಪಾರಾದ ಟಾಲ್ಪಡ್ಡಲ್ ಗ್ರಾಮದ ಆರು ಮಂದಿಯಲ್ಲಿ ಇವನೊಬ್ಬ. ಕ್ಷಮೆ ದೊರೆತು ಮರಳಿದ ಮೇಲೆ ಇವರಲ್ಲಿ ಕೆಲವರು ಗ್ರೀನ್‌ಸ್ಟೆಡ್ಡಿನಲ್ಲಿ ಗೇಣಿಗೆ ಹೊಲ ಹಿಡಿದಿದ್ದರು. ವಧು ಎಲಿಜಬೆತ್, ಜೊತೆಯಲ್ಲೇ ಶಿಕ್ಷೆಯನ್ನುಂಡ ಥಾಮಸ್ ಸ್ಟಾನ್‌ಫೀಲ್ಡನ ಮಗಳು.