ಕಾರು ತಗ್ಗಲಿ, ನಡು ಉಳಿಯಲಿ!

ತೆರೆಯ ಮೇಲೆ ಹೀರೋನ ಸ್ಪೋರ್ಟ್ಸ್ ಕಾರು ನೆಲ ಸವರಿಕೊಂಡು ಬಂದರೆ ಸೀಟಿ ಹೊಡೆಯುವವರಲ್ಲಿ ನಾನೂ ಒಬ್ಬ. ಆದರೆ ಹಮ್ಮಿಗಿಯ ದಾರಿ ಸಿನಿಮಾ ದಾರಿಯಲ್ಲ ಸ್ವಾಮಿ! ಮುಂಡರಗಿ ಕಡೆಯ ಎರೆನೆಲ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ; ಮೇಲಿನ ಡಾಂಬರು ಅಲೆ ಅಲೆ.

ಹಮ್ಮಿಗಿಯ ಗೆಳೆಯ ಕೇಳಿದ: “ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿದ್ರ ಕಾರು ತಗ್ಗತೈತಿ. ಹೊಸಾದ್ಯಾಕಲೇ?”

ಬ್ಯಾಡೋ ಮಾರಾಯಾ! ಕತ್ತರಿಸಿದ ಸ್ಪ್ರಿಂಗ್ ಕಾರು ಎಗರಿದಾಗ ಜಾಗ ಬಿಟ್ಟು ಜಾರಬಹುದು. ಕಾರು ತಗ್ಗಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ರಬ್ಬರ್ ತಡೆಗೆ ಬಡಿದ ಏಟು ನೇರ ಬೆನ್ನಿಗೆ. ಸುಖವೂ ಬೇಕೇ? 25-30 ಮಿಲಿಮೀಟರಿಗೆ ನಿಲ್ಲಿಸಿ. ಮೊದಲು ಮೆತ್ತಗಿದ್ದು, ಒತ್ತಿದಂತೆ ಗಡಸಾಗುವ ‘ಪ್ರೊಗ್ರೆಸಿವ್’ ಸ್ಪ್ರಿಂಗ್ ಆರಿಸಿ. ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಹಾಕಿಸಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ನಿಯಮದ ರಸ್ತೆ ಉಬ್ಬೇ 10 ಸೆಂಟಿಮೀಟರ್. ಹಳ್ಳಿ ಉಬ್ಬಿಗೆ ನಿಯಮ ಓದಿಸಿದವರ್ಯಾರು?

ಕಾನೂನೂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ದುಡ್ಡು ಬಿಚ್ಚುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಗೆಳೆಯನ ಅವ್ವನಿಗೆ ನಡುನೋವು. ತಿಂಗಳಿಗೊಮ್ಮೆ ಇದೇ ಕಾರಿನಲ್ಲಿ ಗದಗಿನ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸೀಟಿನವರೇ ನಿಜವಾದ ಸೆನ್ಸಾರ್ ಮಂಡಳಿ ಕಣ್ರೀ. ಅವರು ಪಾಸ್ ಮಾಡಿದರೆ ಮಾತ್ರ ಬಿಡುಗಡೆ!